ಕಾಫಿ ಮೂಟೆಗೂ ಒಂದು ವಿಳಾಸ



ಕಾಗದ ಬರೆದರೆ ವಿಳಾಸ ಹಾಕಬೇಕು. ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ. ಇದನ್ನು ನಾವು ಹಿಂದೆ ಕಲಿತಿದ್ದೇವೆ. ವಿಳಾಸ ಇಲ್ಲದ ಕಾಗದ ಊರು ಸೇರುವುದಿಲ್ಲ. ಈಗ ನಮ್ಮ ಕಾಫಿ ಮೂಟೆಗೂ ವಿಳಾಸ ಬೇಕು ಅನ್ನುವ ಕಾಲ ಬಂದಿದೆ. ಮೂಟೆ ಹೋಗುವ ಊರಿನ ವಿಳಾಸ ಅಲ್ಲ. ಕಾಫಿ ಬೆಳೆದ ತೋಟದ ವಿಳಾಸ.

ಯಾರು ಕೇಳುತ್ತಿದ್ದಾರೆ? ಯಾಕೆ ಕೇಳುತ್ತಿದ್ದಾರೆ? ಅದರಿಂದ ನಮಗೆ ಏನು? ಈ ಪಾಠದಲ್ಲಿ ಓದೋಣ. ಪಾಠ ಸ್ವಲ್ಪ ಉದ್ದ ಇದೆ. ಎರಡು ದಿನ ಮಾಡಿಕೊಂಡು ಓದಿದರೂ ಸರಿ.

ಕಾಫಿ ಹೋಗುವ ದಾರಿ

ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ 100ಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ, ಈ ಮೂರು ಜಿಲ್ಲೆಗಳಲ್ಲೇ ಹೆಚ್ಚು. ಬಾಬಾ ಬುಡನ್ ಅವರು ಅರಬ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಹಾಕಿದರು ಅಂತ ಹಿರಿಯರು ಹೇಳುವ ಕಥೆ ನಿಮಗೂ ಗೊತ್ತು.

ಹಣ್ಣು ಕೊಯ್ಯುವವರು ಯಾರು? ಬಹಳ ಮಟ್ಟಿಗೆ ನಾವೇ, ಹೆಂಗಸರು. ಕಣದಲ್ಲಿ ಹರವಿ ಒಣಗಿಸುವವರು ನಾವು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕುಳಿತು ಕಪ್ಪು ಬೀಜ, ಒಡೆದ ಬೀಜ ಆರಿಸುವವರೂ ನಾವೇ. ಅಲ್ಲಿಂದ ಮುಂದೆ ಮೂಟೆ ಎಲ್ಲಿಗೆ ಹೋಯಿತು ಅಂತ ನಾವು ಕೇಳಿದ್ದು ಕಡಿಮೆ.

ಲಾರಿ ಘಟ್ಟ ಇಳಿದು ಮಂಗಳೂರಿನ ಬಂದರಿಗೆ ಹೋಗುತ್ತದೆ. ಕೇರಳದ ಕೊಚ್ಚಿ ಬಂದರಿಗೂ ಹೋಗುತ್ತದೆ. ಅಲ್ಲಿ ಕಬ್ಬಿಣದ ದೊಡ್ಡ ಪೆಟ್ಟಿಗೆಗೆ ತುಂಬುತ್ತಾರೆ. ಅದಕ್ಕೆ ಕಂಟೇನರ್ ಅನ್ನುತ್ತಾರೆ. ಒಂದು ಚಿಕ್ಕ ಕಂಟೇನರ್‌ನಲ್ಲಿ 60 ಕಿಲೋ ತೂಕದ ಸುಮಾರು 320 ಮೂಟೆ ಹಿಡಿಯುತ್ತವೆ. ಹಡಗು ಸಮುದ್ರ ದಾಟುತ್ತದೆ. ನಮ್ಮ ಕಾಫಿಗೆ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ, ಬೆಲ್ಜಿಯಂ ದೇಶದವರು. ಇವೆಲ್ಲ ಯುರೋಪಿನ ದೇಶಗಳು. ಅಲ್ಲಿ ಹೀಗೆ 27 ದೇಶಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿವೆ. ನಾವು ಹತ್ತಾರು ಸಂಘ ಸೇರಿ ಒಕ್ಕೂಟ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಅದರ ಹೆಸರು ಯುರೋಪ್ ಒಕ್ಕೂಟ. ಹೊರಗಿನಿಂದ ಬರುವ ಸರಕಿಗೆ ಆ ಒಕ್ಕೂಟ ಮಾಡಿದ ನಿಯಮ 27 ದೇಶಕ್ಕೂ ಒಂದೇ.

ನಿಯಮ ಯಾಕೆ ಬಂತು?

1990ರಿಂದ 2020ರವರೆಗೆ, 30 ವರ್ಷಗಳಲ್ಲಿ, ಪ್ರಪಂಚದಲ್ಲಿ ಸುಮಾರು 42 ಕೋಟಿ ಹೆಕ್ಟೇರ್ ಕಾಡು ಹೋಯಿತು. ಇದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರ ಲೆಕ್ಕ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. 42 ಕೋಟಿ ಅಂದರೆ ಎಷ್ಟು ದೊಡ್ಡದು? ನಮ್ಮ ಇಡೀ ಭಾರತ ದೇಶ ಸುಮಾರು 33 ಕೋಟಿ ಹೆಕ್ಟೇರ್. ಅದಕ್ಕಿಂತಲೂ ದೊಡ್ಡದು!

ಕಾಡು ಕಡಿದವರು ಸುಮ್ಮನೆ ಕಡಿಯಲಿಲ್ಲ. ಹೆಚ್ಚಿನ ಕಡೆ ಬೇಸಾಯಕ್ಕಾಗಿ, ದನ ಮೇಯಿಸಲಿಕ್ಕಾಗಿ ಕಡಿದರು. ಬ್ರೆಜಿಲ್ ದೇಶದಲ್ಲಿ ದನದ ಹುಲ್ಲುಗಾವಲಿಗೆ ಮತ್ತು ಸೋಯಾ ಬೆಳೆಗೆ. ಇಂಡೋನೇಷ್ಯಾ, ಮಲೇಷ್ಯಾ ದೇಶಗಳಲ್ಲಿ ತಾಳೆ ಎಣ್ಣೆಯ ತೋಟಕ್ಕೆ. ಆಫ್ರಿಕಾದ ಐವರಿ ಕೋಸ್ಟ್ ದೇಶದಲ್ಲಿ ಕೋಕೋಗೆ. ಕೋಕೋ ಅಂದರೆ ಮಕ್ಕಳು ತಿನ್ನುವ ಚಾಕೊಲೇಟು ಮಾಡುವ ಬೀಜ. ಹೀಗೆ ಬೆಳೆದದ್ದನ್ನು ತಿನ್ನುವವರು, ಕುಡಿಯುವವರು ದೂರದ ದೇಶದವರು. ಹೀಗೆ ಹೋದ ಕಾಡಿನಲ್ಲಿ 100ಕ್ಕೆ ಸುಮಾರು 10 ಪಾಲು ತಮ್ಮ ಜನ ಕೊಳ್ಳುವ ಸರಕಿನಿಂದಲೇ ಹೋಯಿತು ಎಂದು ಯುರೋಪ್ ಒಕ್ಕೂಟವೇ ಒಪ್ಪಿಕೊಂಡಿದೆ.

ಅದಕ್ಕೆ 2023ರ ಜೂನ್ ತಿಂಗಳಲ್ಲಿ ಅವರು ಒಂದು ಕಾನೂನು ತಂದರು. ಏಳು ಸರಕುಗಳಿಗೆ ಅದು ಅನ್ವಯಿಸುತ್ತದೆ. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ. ಇವುಗಳಿಂದ ಮಾಡಿದ ಚರ್ಮ, ಪೀಠೋಪಕರಣ, ಚಾಕೊಲೇಟು ಮುಂತಾದವೂ ಸೇರಿವೆ. ಕಾನೂನಿನ ತಿರುಳು ಇಷ್ಟು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕು ಯುರೋಪಿಗೆ ಬರಬಾರದು. ಬೆಳೆದ ದೇಶದ ಕಾನೂನು ಮೀರಿ ಬೆಳೆದ ಸರಕೂ ಬರಬಾರದು. ಎರಡನ್ನೂ ಕೊಳ್ಳುವ ವ್ಯಾಪಾರಿಯೇ ಖಾತ್ರಿ ಮಾಡಿಕೊಂಡು ಬರೆದು ಕೊಡಬೇಕು. ಸುಳ್ಳಾದರೆ ಅವನಿಗೆ ದಂಡ. ಸರಕೂ ಮುಟ್ಟುಗೋಲು ಆಗಬಹುದು.

ಈ ಕಾನೂನು 2024ರ ಕೊನೆಗೆ ಜಾರಿ ಆಗಬೇಕಿತ್ತು. ಹಲವು ದೇಶಗಳು ತಕರಾರು ತೆಗೆದವು. ಯುರೋಪಿನ ವ್ಯಾಪಾರಿಗಳೂ ತಯಾರಿ ಸಾಲದು ಅಂದರು. ಒಂದು ವರ್ಷ ಮುಂದೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಮತ್ತೆ ಒಂದು ವರ್ಷ ಮುಂದೆ ಹಾಕಿದರು. ಆಗ ಇಟ್ಟ ಗಡುವು ಹೀಗಿದೆ: ದೊಡ್ಡ ಮತ್ತು ಮಧ್ಯಮ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30. ಚಿಕ್ಕವರಿಗೆ 2027ರ ಜೂನ್ 30. ಇಲ್ಲಿ ಚಿಕ್ಕವರು ಅಂದರೆ ನಾವಲ್ಲ, ಅಲ್ಲಿ ಸರಕು ಇಳಿಸಿಕೊಳ್ಳುವ ಚಿಕ್ಕ ವ್ಯಾಪಾರಿಗಳು. ನಮ್ಮ ಕಾಫಿ ಹೆಚ್ಚಾಗಿ ದೊಡ್ಡ ಕಂಪನಿಗಳಿಗೆ ಹೋಗುವುದರಿಂದ ಮೊದಲಿನ ಗಡುವೇ ನಮಗೆ ಮುಖ್ಯ.

ಎಲ್ಲವನ್ನೂ ಬೆರೆಸಿದ ಮೇಲೆ

ಹಾಲಿನ ಡೇರಿಗೆ ಹೋಗುವ ಅಕ್ಕಂದಿರಿಗೆ ಇದು ಬೇಗ ತಿಳಿಯುತ್ತದೆ. ಡೇರಿಯಲ್ಲಿ ನಿಮ್ಮ ಹಾಲನ್ನು ನೇರವಾಗಿ ಕ್ಯಾನಿಗೆ ಸುರಿಯುತ್ತಾರಾ? ಇಲ್ಲ. ಮೊದಲು ನಿಮ್ಮ ನಂಬರ್ ಬರೆಯುತ್ತಾರೆ. ಹಾಲು ಅಳೆಯುತ್ತಾರೆ. ಪರೀಕ್ಷೆಗೆ ಸ್ವಲ್ಪ ತೆಗೆದುಕೊಳ್ಳುತ್ತಾರೆ. ಆಮೇಲೆ ಸುರಿಯುತ್ತಾರೆ. ಯಾಕೆ? ಕ್ಯಾನಿನಲ್ಲಿ ಬೆರೆತ ಮೇಲೆ ಯಾರ ಹಾಲು ಯಾವುದು ಅಂತ ದೇವರೂ ಹೇಳಲಾರ.

ಕಾಫಿಯಲ್ಲಿ ಆಗುವುದೂ ಅದೇ ಬೆರಕೆ. ಒಬ್ಬಾಕೆ ಅಕ್ಕನಿಗೆ ಎರಡು ಎಕರೆ ರೋಬಸ್ಟಾ ಇದೆ ಅಂದುಕೊಳ್ಳೋಣ. ಅಂಗಳದಲ್ಲಿ ಒಣಗಿಸಿ ಹತ್ತು ಹನ್ನೆರಡು ಮೂಟೆ ಕಟ್ಟುತ್ತಾಳೆ. ಪೇಟೆಯ ವ್ಯಾಪಾರಿ ಬಂದು ತೂಕ ಮಾಡಿ ಒಯ್ಯುತ್ತಾನೆ. ಅವನ ಗೋದಾಮಿನಲ್ಲಿ ಐವತ್ತು ಮನೆಯ ಕಾಫಿ ಒಂದೇ ರಾಶಿ. ಆ ರಾಶಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇನ್ನೂ ದೊಡ್ಡ ರಾಶಿ ಸೇರುತ್ತದೆ.

ಹಿಂದೆ ಇದರಿಂದ ತೊಂದರೆ ಇರಲಿಲ್ಲ. ನಮ್ಮ ತಾಯಂದಿರ ಕಾಲದಲ್ಲಿ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು. ಎಲ್ಲರ ಕಾಫಿಯನ್ನೂ ಕೂಡಿಸಿ ಮಂಡಳಿಯೇ ಮಾರುತ್ತಿತ್ತು. 1990ರ ನಂತರ ಅದನ್ನು ಹಂತಹಂತವಾಗಿ ಸಡಿಲಿಸಿದರು. 1996ರಲ್ಲಿ ಪೂರ್ತಿ ತೆಗೆದರು. ಆಮೇಲೆ ಬೆಳೆದವರು ಯಾರಿಗೆ ಬೇಕಾದರೂ ಮಾರಬಹುದು. ಆಗಲೂ ರುಚಿ ನೋಡಿದರು, ಗಾತ್ರ ನೋಡಿದರು, ತೇವ ನೋಡಿದರು. ಯಾರ ತೋಟದ್ದು ಅಂತ ಕೇಳಿದವರು ಕಡಿಮೆ.

ಹೊಸ ಕಾನೂನು ಕೇಳುತ್ತದೆ. ಕಂಟೇನರ್‌ನಲ್ಲಿ ಯಾವ ಯಾವ ತೋಟದ ಕಾಫಿ ಇದೆಯೋ ಅಷ್ಟೂ ತೋಟಗಳ ಗುರುತು ಬೇಕು. ಗುರುತು ಇಲ್ಲದ ಒಂದು ತೋಟದ ಕಾಫಿ ರಾಶಿಗೆ ಬೆರೆತರೆ ಇಡೀ ರಾಶಿಯೇ ನಿಲ್ಲುತ್ತದೆ. ಹಾಗಾಗಿ ವ್ಯಾಪಾರಿ ಏನು ಮಾಡುತ್ತಾನೆ? ಗುರುತು ಇರುವ ಕಾಫಿ ಬೇರೆ, ಇಲ್ಲದ ಕಾಫಿ ಬೇರೆ ಅಂತ ಇಡುತ್ತಾನೆ. ಗುರುತು ಇಲ್ಲದ್ದನ್ನು ಬೇರೆ ದೇಶಕ್ಕೆ ಮಾರಬಹುದು, ಇಲ್ಲೇ ಮಾರಬಹುದು. ಆದರೆ ಕೊಳ್ಳುವವರು ಕಡಿಮೆ ಆದಲ್ಲಿ ಬೆಲೆ ಏನಾಗುತ್ತದೆ ಅಂತ ಸಂತೆಗೆ ಹೋಗುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಕಾಡು ಉಳಿಯಬೇಕು ಅನ್ನುವುದು ಸರಿ. ಕಾವೇರಿ, ಹೇಮಾವತಿ, ಭದ್ರಾ ಹುಟ್ಟುವುದು ಇದೇ ಬೆಟ್ಟಗಳಲ್ಲಿ. ಕಾಡು ಹೋದರೆ ಹೊಳೆಗೆ ನೀರು ಎಲ್ಲಿಂದ? ಆದರೆ ಯುರೋಪಿನವರು ತಮ್ಮ ಕಾಡನ್ನು ನೂರಾರು ವರ್ಷ ಹಿಂದೆಯೇ ಬಹಳ ಮಟ್ಟಿಗೆ ಕಡಿದು ಹೊಲ ಮಾಡಿಕೊಂಡವರು. ಈಗ ಲೆಕ್ಕ ಕೇಳುತ್ತಾರೆ. ಲೆಕ್ಕ ಬರೆಯುವ ಖರ್ಚು ದೊಡ್ಡ ಎಸ್ಟೇಟಿಗೆ ಹೊರೆ ಅಲ್ಲ. ಅಲ್ಲಿ ರೈಟರ್ ಇದ್ದಾರೆ, ಕಂಪ್ಯೂಟರ್ ಇದೆ. ಎರಡು ಎಕರೆಯವಳಿಗೆ ಅದೇ ಹೊರೆ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರೇ. ಇನ್ನೂ ಒಂದು ಮಾತು. ನಾವು ಬೋಂಡಾ ಕರಿಯುವ ತಾಳೆ ಎಣ್ಣೆ ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾದಿಂದಲೇ ಬರುತ್ತದೆ. ಅದು ಯಾವ ಕಾಡು ಕಡಿದ ಜಾಗದ್ದು ಅಂತ ನಾವೂ ಕೇಳಿದವರಲ್ಲ.

ಎರಡು ಸಂಖ್ಯೆಯ ವಿಳಾಸ

ತೋಟದ ವಿಳಾಸ ಅಂದೆವಲ್ಲ, ಅದು ಊರಿನ ಹೆಸರಲ್ಲ. ಎರಡು ಸಂಖ್ಯೆ. ಭೂಮಿಯ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಗೆರೆ ಎಳೆದಂತೆ ಲೆಕ್ಕ ಹಾಕಿದ್ದಾರೆ. ರಂಗೋಲಿಗೆ ಚುಕ್ಕಿ ಇಡುವಾಗ ಈ ಸಾಲು, ಆ ಸಾಲು ಅಂತ ಎಣಿಸುತ್ತೇವಲ್ಲ, ಹಾಗೇ. ಎರಡು ಸಂಖ್ಯೆ ಹೇಳಿದರೆ ಭೂಮಿಯ ಮೇಲಿನ ಒಂದೇ ಒಂದು ಚುಕ್ಕಿ ಸಿಗುತ್ತದೆ. ಇವುಗಳಿಗೆ ಅಕ್ಷಾಂಶ, ರೇಖಾಂಶ ಅನ್ನುತ್ತಾರೆ. ಮೊಬೈಲ್ ಇವನ್ನು ತೋರಿಸುತ್ತದೆ.

ಮೂಡಿಗೆರೆ ಪೇಟೆಯ ಸಂಖ್ಯೆ ಸುಮಾರು 13.13 ಮತ್ತು 75.64. ಇದನ್ನು ಹದಿಮೂರು ಬಿಂದು ಒಂದು ಮೂರು, ಎಪ್ಪತ್ತೈದು ಬಿಂದು ಆರು ನಾಲ್ಕು ಎಂದು ಓದಬೇಕು. ಬಿಂದು ಆದ ಮೇಲೆ ಎರಡೇ ಅಂಕಿ ಇದ್ದರೆ ಜಾಗದ ಗುರುತು ಒಂದು ಕಿಲೋಮೀಟರ್ ಆಚೀಚೆ ಆಗಬಹುದು. ಕಾನೂನು ಬಿಂದುವಿನ ಮುಂದೆ ಆರು ಅಂಕಿ ಕೇಳುತ್ತದೆ. ಆರನೆಯ ಅಂಕಿ ಅಂದರೆ ಅರ್ಧ ಗೇಣಿನಷ್ಟು ಜಾಗ. ಅಷ್ಟು ಸೂಕ್ಷ್ಮ!

ಈಗ ಒಂದು ತಮಾಷೆ ನೋಡಿ. 75.64 ಎಂದು ಬರೆಯುವ ಕಡೆ 76.54 ಎಂದು ಬರೆದರೆ ಏನಾಗುತ್ತದೆ? 5 ಮತ್ತು 6 ಅದಲು ಬದಲು, ಅಷ್ಟೇ. ಮೂಡಿಗೆರೆಯ ಕಾಫಿ ತೋಟ ಹೆಚ್ಚುಕಡಿಮೆ 100 ಕಿಲೋಮೀಟರ್ ಹಾರಿ ತಿಪಟೂರು ಕಡೆಯ ತೆಂಗಿನ ಸೀಮೆಗೆ ಹೋಗಿಬಿಡುತ್ತದೆ! ಅಲ್ಲಿ ಕಾಫಿ ಎಲ್ಲಿಂದ ಬಂತು ಅಂತ ಕಂಪ್ಯೂಟರ್ ಕೇಳುತ್ತದೆ. ಮೂಟೆ ನಿಲ್ಲುತ್ತದೆ. ಆದ್ದರಿಂದ ಯಾರೇ ಬಂದು ನಿಮ್ಮ ತೋಟದ ಗುರುತು ಹಾಕಿಕೊಂಡರೂ ಆ ಸಂಖ್ಯೆಗಳನ್ನು ನೀವೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅಂಕಿ ಒಂದೊಂದೇ ತಾಳೆ ನೋಡಿ. ಅಂಕಿ ಓದಲು ಈಗ ನಿಮಗೆ ಬರುತ್ತದೆ.

4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದೇ ಚುಕ್ಕಿ ಸಾಕು. 4 ಹೆಕ್ಟೇರ್ ಅಂದರೆ ಸುಮಾರು 10 ಎಕರೆ. ಅದಕ್ಕಿಂತ ದೊಡ್ಡ ತೋಟವಾದರೆ ಬೇಲಿಯ ಸುತ್ತ ಚುಕ್ಕಿ ಹಾಕಿ ಗಡಿ ತೋರಿಸಬೇಕು. ನಮ್ಮ ಕಾಫಿ ಮಂಡಳಿಯವರು ಬೆಳೆಗಾರರ ನೋಂದಣಿಗೆ ಮೊಬೈಲ್ ಆ್ಯಪ್ ಮಾಡಿದ್ದಾರೆ. ಮೊಬೈಲ್ ಇಲ್ಲದವರು, ಬಳಸಲು ಬಾರದವರು ಹತ್ತಿರದ ಕಾಫಿ ಮಂಡಳಿ ಕಚೇರಿಗೆ ಹೋಗಿ ಕೇಳಬಹುದು. ಸಂಘದ ನಾಲ್ಕು ಜನ ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ.

ಮೇಲಿನಿಂದ ನೋಡಿದರೆ

ಕಾಡು ಕಡಿದರೋ ಇಲ್ಲವೋ ಅಂತ ಯುರೋಪಿನವರಿಗೆ ಹೇಗೆ ಗೊತ್ತಾಗುತ್ತದೆ? ಆಕಾಶದಲ್ಲಿ ಉಪಗ್ರಹಗಳು ಸುತ್ತುತ್ತವೆ. ಅವು ಭೂಮಿಯ ಫೋಟೋ ತೆಗೆಯುತ್ತವೆ. 2020ರ ಫೋಟೋ, ಈಗಿನ ಫೋಟೋ ಪಕ್ಕದಲ್ಲಿಟ್ಟು ನೋಡುತ್ತಾರೆ.

ಇಲ್ಲೊಂದು ತೊಡಕು. ಬ್ರೆಜಿಲ್‌ನಲ್ಲಿ ಬಹಳ ಕಡೆ ಕಾಫಿಯನ್ನು ಬಯಲಿನಲ್ಲಿ, ಬಿಸಿಲಿಗೆ ಬೆಳೆಯುತ್ತಾರೆ. ನಮ್ಮಲ್ಲಿ ಮರದ ನೆರಳಿನಲ್ಲಿ ಬೆಳೆಯುತ್ತೇವೆ. ಹಲಸು, ಅತ್ತಿ, ಬೀಟೆ, ನಂದಿ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಮೇಲಿನಿಂದ ನೋಡಿದರೆ ಎಲ್ಲಾ ಹಸಿರು. ಕಾಡೋ ತೋಟವೋ ಗೊತ್ತಾಗುವುದಿಲ್ಲ. ಮರಗಸಿ ಮಾಡಿ ಕೊಂಬೆ ಇಳಿಸಿದರೆ, ಗಾಳಿಮಳೆಗೆ ನಾಲ್ಕು ಮರ ಬಿದ್ದರೆ, ಫೋಟೋದಲ್ಲಿ ಕಾಡು ಕಡಿದಂತೆ ಕಾಣಬಹುದು. ಕಾನೂನಿನ ಪ್ರಕಾರ ಮರದ ನೆರಳಿನ ತೋಟ ಬೇಸಾಯದ ಭೂಮಿಯೇ ಹೊರತು ಕಾಡಲ್ಲ. ಆದರೆ ಅದು 2020ಕ್ಕೆ ಮೊದಲೇ ತೋಟವಾಗಿತ್ತು ಅಂತ ತೋರಿಸಲು ಕಾಗದ ಬೇಕು. ಪಹಣಿಯಲ್ಲಿ ಬೆಳೆಯ ಕಾಲಂ ಇರುತ್ತದಲ್ಲ, ಅಲ್ಲಿ ಕಾಫಿ ಎಂದು ಬರೆದಿದೆಯೇ? ಹಳೆಯ ಪಹಣಿ ತೆಗೆಸಿ ನೋಡಿ. ಬೀಟೆಯಂಥ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ನಮ್ಮ ರಾಜ್ಯದ ಕಾನೂನಿನಲ್ಲಿ ಮೊದಲೇ ಬೇಕು. ಆ ಅನುಮತಿ ಪತ್ರವನ್ನೂ ಜೋಪಾನ ಮಾಡಿ.

2025ರ ಮೇ ತಿಂಗಳಲ್ಲಿ ಯುರೋಪ್ ಒಕ್ಕೂಟವು ದೇಶಗಳ ಪಟ್ಟಿ ಮಾಡಿತು. ಕಾಡುನಾಶದ ಅಪಾಯ ಕಡಿಮೆ ಇರುವ ದೇಶಗಳ ಸಾಲಿನಲ್ಲಿ ಭಾರತವನ್ನು ಇಟ್ಟಿದೆ. ಇದರಿಂದ ತಪಾಸಣೆ ಕಡಿಮೆ ಆಗುತ್ತದೆ. ಆದರೆ ತೋಟದ ಗುರುತು ಕೊಡುವುದು ತಪ್ಪುವುದಿಲ್ಲ.

ಪಹಣಿ ಯಾರ ಹೆಸರಿನಲ್ಲಿ?

ಈ ಭಾಗವನ್ನು ನಿಧಾನವಾಗಿ ಓದಿ. ಬೇಕಾದರೆ ಎರಡು ಸಲ ಓದಿ.

ಬೆಳೆದವರಿಗೆ ಆ ಜಮೀನಿನಲ್ಲಿ ಬೆಳೆಯುವ ಹಕ್ಕು ಇರಬೇಕು ಅಂತ ಕಾನೂನು ಹೇಳುತ್ತದೆ. ನಮ್ಮಲ್ಲಿ ಹಕ್ಕು ಅಂದ ಕೂಡಲೇ ಕೇಳುವುದು ಪಹಣಿ. ಆ ಎರಡು ಎಕರೆ ಅಕ್ಕನ ಪಹಣಿಯಲ್ಲಿ ಮಾವನ ಹೆಸರಿದೆ ಅಂದುಕೊಳ್ಳಿ. ಮಾವ ತೀರಿಕೊಂಡು ಇಪ್ಪತ್ತು ವರ್ಷ. ಗಂಡನೂ ಇಲ್ಲ. ಗೊಬ್ಬರ ಹಾಕುವವಳು ಅವಳು. ಕಳೆ ತೆಗೆಸುವವಳು ಅವಳು. ಮೂಟೆ ಕಟ್ಟುವವಳೂ ಅವಳೇ. ಕಾಗದದಲ್ಲಿ ಮಾತ್ರ ಅವಳಿಲ್ಲ. ನೋಂದಣಿ ಮಾಡುವವರು ‘ಯಾರ ಹೆಸರಮ್ಮಾ?’ ಎಂದರೆ ಏನು ಹೇಳುತ್ತಾಳೆ? ಮಲೆನಾಡಿನಲ್ಲಿ ಇಂಥ ಪಹಣಿ ಒಂದೆರಡಲ್ಲ.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಮರಣ ಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಡಬೇಕು. ನಾಡಕಚೇರಿಯಲ್ಲಿ ವಿಚಾರಿಸಿ. ಈ ಹೊಸ ಕಾನೂನು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ‘ಖಾತೆ ಸರಿ ಮಾಡಿಸೋಣ’ ಅನ್ನುವ ಮಾತು ಏಳುತ್ತದೆ. ಒಳ್ಳೆಯದೇ. ಆದರೆ ಅದೇ ಹೊತ್ತಿನಲ್ಲಿ ಒಂದು ಕಾಗದ ಹೆಂಗಸರ ಮುಂದೆ ಬರಬಹುದು. ‘ಅಕ್ಕಾ, ಕಾಫಿ ನೋಂದಣಿಗೆ ಬೇಕು, ಇಲ್ಲೊಂದು ಸಹಿ ಹಾಕು’ ಎನ್ನಬಹುದು. ಹೇಳುವವರು ಮನೆಯವರೇ ಇರಬಹುದು. ಆ ಕಾಗದದ ತಲೆಯ ಮೇಲೆ ಏನು ಬರೆದಿದೆ ಓದಿ. ‘ಹಕ್ಕು ಬಿಡುಗಡೆ ಪತ್ರ’ ಎಂದಿದ್ದರೆ ಕೈ ಹಿಂದೆ ತೆಗೆಯಿರಿ. ಅದು ನಿಮ್ಮ ಪಾಲನ್ನು ಬಿಟ್ಟುಕೊಟ್ಟೆ ಎನ್ನುವ ಪತ್ರ. ಕಾಫಿ ನೋಂದಣಿಗೆ ಅದು ಬೇಕಾಗಿಲ್ಲ.

ಹಿಂದೂ ವಾರಸಾ ಕಾನೂನಿನಲ್ಲಿ ಗಂಡ ತೀರಿಕೊಂಡರೆ ಹೆಂಡತಿಗೂ ಪಾಲಿದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಪಾಲು ಬಿಡುವುದೂ ಬಿಡದಿರುವುದೂ ನಿಮ್ಮ ಇಷ್ಟ. ಆದರೆ ತಿಳಿದು ಮಾಡಬೇಕು. ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ‘ನನಗೆ ಓದಲು ಬರಲ್ಲ’ ಎಂದರೆ ಮುಗಿಯುತ್ತಿತ್ತು. ಈಗ ‘ತಡಿ, ಓದಿ ಹೇಳ್ತೀನಿ’ ಅನ್ನಿ. ಒಂದು ದಿನ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಕಲಿಕಾ ಕೇಂದ್ರಕ್ಕೆ ತಂದರೆ ಎಲ್ಲರೂ ಕೂಡಿ ಓದೋಣ.

ಪಹಣಿಯೇ ಇಲ್ಲದವರೂ ಇದ್ದಾರೆ. ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು, ಒತ್ತುವರಿ ಎಂದು ನೋಟಿಸ್ ಬಂದವರು. ಇವರ ಕಷ್ಟ ದೊಡ್ಡದು. ಅರ್ಜಿಯ ನಕಲು, ರಸೀದಿ, ಕಂದಾಯ ಕಟ್ಟಿದ ಚೀಟಿ, ನೋಟಿಸ್ ಯಾವುದನ್ನೂ ಬಿಸಾಡಬೇಡಿ. ನೋಟಿಸ್ ಬಂದರೆ ಅದರಲ್ಲಿರುವ ದಿನಾಂಕವನ್ನು ಮೊದಲು ಓದಿ. ಹೆದರಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ದಿನಾಂಕ ನಿಲ್ಲುವುದಿಲ್ಲ.

ತೋಟ ಇಲ್ಲದ ಅಕ್ಕಂದಿರಿಗೆ

ನಮಗೆ ತೋಟವೇ ಇಲ್ಲ, ಲೈನ್ ಮನೆಯಲ್ಲಿ ಇದ್ದೇವೆ, ನಮಗೇನು ಅಂತೀರಾ? ನಿಮಗೂ ಒಂದು ಮಾತಿದೆ. ಬೆಳೆದ ದೇಶದ ಕಾನೂನು ಪಾಲಿಸಬೇಕು ಅಂದೆವಲ್ಲ, ಆ ಕಾನೂನುಗಳಲ್ಲಿ ಕಾರ್ಮಿಕರ ಹಕ್ಕೂ ಸೇರಿದೆ. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ, ಗಂಡಸಿಗೂ ಹೆಂಗಸಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ, ಇವು ನಮ್ಮ ದೇಶದ ಕಾನೂನಿನಲ್ಲೇ ಇವೆ. ಯುರೋಪಿನವರು ಹೇಳಿದ್ದಕ್ಕೆ ಬಂದದ್ದಲ್ಲ. ಆದರೆ ಕೊಳ್ಳುವವನೂ ಈಗ ಕೇಳಬೇಕಾಗುತ್ತದೆ. ಕೊಯ್ಲಿನ ದಿನಗಳಲ್ಲಿ ಎಷ್ಟು ಕಿಲೋ ಕೊಯ್ದಿರಿ, ಎಷ್ಟು ಕೂಲಿ ಬಂತು ಎಂದು ದಿನಾ ಬರೆದಿಡಿ. ರೈಟರ್ ಪುಸ್ತಕದಲ್ಲಿ ಒಂದು, ನಿಮ್ಮ ಪುಸ್ತಕದಲ್ಲಿ ಒಂದು.

ಓದಿ, ಬರೆಯಿರಿ, ಮಾತಾಡಿ

ನಿಮ್ಮ ಮನೆಯ ಪಹಣಿ ತನ್ನಿ. ಸರ್ವೆ ನಂಬರ್ ಎಲ್ಲಿದೆ? ಹೆಸರು ಯಾರದು? ಬೆಳೆಯ ಕಾಲಂನಲ್ಲಿ ಏನಿದೆ? ಮೂರನ್ನೂ ಪುಸ್ತಕದಲ್ಲಿ ಬರೆಯಿರಿ.

ಒಂದು ಮೂಟೆ 60 ಕಿಲೋ. 320 ಮೂಟೆ ಎಷ್ಟು ಕಿಲೋ? ಗುಣಿಸಿ ನೋಡಿ. (ಉತ್ತರ: 19,200)

5 ಎಕರೆ ಎಂದರೆ ಸುಮಾರು ಎಷ್ಟು ಹೆಕ್ಟೇರ್? ಅದಕ್ಕೆ ಒಂದು ಚುಕ್ಕಿ ಸಾಕೋ, ಗಡಿ ತೋರಿಸಬೇಕೋ?

13.131250 ಮತ್ತು 13.132150. ಈ ಎರಡು ಸಂಖ್ಯೆಯಲ್ಲಿ ಯಾವ ಅಂಕಿಗಳು ಅದಲು ಬದಲಾಗಿವೆ? ಬೆರಳಿಟ್ಟು ತೋರಿಸಿ.

ಪೌತಿ ಖಾತೆ, ವಂಶವೃಕ್ಷ, ಹಕ್ಕು ಬಿಡುಗಡೆ ಪತ್ರ. ಈ ಮೂರು ಮಾತುಗಳನ್ನು ಐದೈದು ಸಲ ಬರೆಯಿರಿ. ನಾಳೆ ಪುಸ್ತಕ ನೋಡದೆ ಬರೆಯಬೇಕು.

ಕಾಡು ಉಳಿಸುವ ಖರ್ಚನ್ನು ಯಾರು ಕೊಡಬೇಕು? ಬೆಳೆಯುವವರೋ, ಮಾರುವವರೋ, ಕುಡಿಯುವವರೋ? ಇದಕ್ಕೆ ಉತ್ತರ ಪುಸ್ತಕದಲ್ಲಿ ಇಲ್ಲ. ಗುಂಪಿನಲ್ಲಿ ಕೂತು ಮಾತಾಡಿ.